ಡಬ್ಬಿಗೊಂದು ಕೌದಿ

ಮೊನ್ನೆ ನಮ್ಮ ಮನೆಯ ಟ್ರಂಕಿಗೆ ಬಿಸಿಲು ತೋರಿಸುವ ದಿನ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಳೆಯ ಸೀರೆ, ಕಂಬಳಿ, ನನ್ನ ಮದುವೆಯ ಕೋಟು ಎಲ್ಲವೂ ಹಿತ್ತಲಿನ ಹಗ್ಗದ ಮೇಲೆ ಒಂದು ದಿನ ಗಾಳಿ ತಿನ್ನುತ್ತವೆ. ಆ ಕೋಟು ಈಗ ನನ್ನ ಒಂದು ತೋಳಿಗೂ ಹಿಡಿಸುವುದಿಲ್ಲ. ಅದರ ಪಕ್ಕದಲ್ಲಿ ಎರಡು ಮೊಳ ಉದ್ದ, ಎರಡು ಮೊಳ ಅಗಲದ ಒಂದು ಕೌದಿ ತೂಗಾಡುತ್ತಿತ್ತು. ಕೌದಿ ನಿಮಗೆ ಗೊತ್ತಲ್ಲ? ಹಳೆಯ ಸೀರೆ-ಧೋತರದ ತುಂಡುಗಳನ್ನು ಪದರಿನ ಮೇಲೆ ಪದರು ಇಟ್ಟು ಕೈಯಿಂದ ಹೊಲಿದ ನಮ್ಮ ಕಡೆಯ ಹೊದಿಕೆ. ಈ ಕೌದಿಯ ನಟ್ಟನಡುವೆ ಗುಂಡಗಿನ ಒಂದು ಹಳದಿ ಕಲೆ.

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಗೋಡೆಯ ಆಚೆಯಿಂದ ಇಣುಕಿ ನೋಡಿದಳು.

"ಅಜ್ಜಾರ, ಕೌದಿ ಭಾಳ ಚಂದ ಐತ್ರಿ. ಯಾವ ಮೊಮ್ಮಗಂದ್ರಿ?"

"ಮೊಮ್ಮಗಂದಲ್ಲವ್ವಾ. ಡಬ್ಬೀದು."

"ಹಾಂ ರೀ?"

"ಊಟದ ಡಬ್ಬೀದು. ಡಬ್ಬಿಗೆ ಥಂಡಿ ಆಗಬಾರದಂತ ಹೊಚ್ಚೂದು."

ಅವಳು ನನ್ನನ್ನೊಮ್ಮೆ ನೋಡಿದಳು, ಕೌದಿಯನ್ನೊಮ್ಮೆ ನೋಡಿದಳು. "ಹೌದ್ರಿ, ಹೌದ್ರಿ" ಎಂದು ಬಹಳ ಮೆತ್ತಗೆ ಹೇಳಿ ಒಳಗೆ ಹೋದಳು. ವಯಸ್ಸಾದವರ ತಲೆಯ ಬಗ್ಗೆ ಆ ಮನೆಯಲ್ಲಿ ಅಂದು ಮಧ್ಯಾಹ್ನ ಒಂದಷ್ಟು ಮಾತು ನಡೆದಿರಬೇಕು. ನಡೆಯಲಿ. ಇಂಥ ಕೌದಿಯನ್ನು ಕೂಸಿನದೆಂದು ತಿಳಿದವರಲ್ಲಿ ಅವಳೇನು ಮೊದಲಿಗಳಲ್ಲ. ಮೊದಲು ಹಾಗೆ ತಿಳಿದವರಿಂದ ನನ್ನ ಹೆಂಡತಿಯ ನೌಕರಿಯೇ ಹೋಗುವುದರಲ್ಲಿತ್ತು. ಪಕ್ಕದ ಮನೆಯ ಸೊಸೆಗೆ ಗೋಡೆಯ ಮೇಲಿಂದ ಹೇಳಲಾಗದ ಕಥೆಯನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಒಲೆಯ ಮೇಲೆ ಹಾಲು ಇಟ್ಟಿಲ್ಲವಷ್ಟೆ?

ಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಮೋಟಾರುಗಳು ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು ಕೆಮ್ಮುತ್ತ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಓಡಾಡುತ್ತಿದ್ದವು. ಏರು ಬಂದರೆ ಜನ ಇಳಿದು ದೂಡಬೇಕು. ನಾನು ಧಾರವಾಡದ ಒಂದು ಗಂಡುಮಕ್ಕಳ ಶಾಲೆಯಲ್ಲಿ ಮಾಸ್ತರ. ನನ್ನ ಹೆಂಡತಿ ನೀಲಾ ದವಾಖಾನೆಯ ನರ್ಸಬಾಯಿ. ನಾನು ಕುಳಿತಲ್ಲಿ ಕುಳಿತು ದುಡಿಯುವವನು, ಅವಳು ರಸ್ತೆಯ ಮೇಲೆ ದುಡಿಯುವವಳು. ಒಂದು ದಿನ ಕೆಲಗೇರಿ, ಒಂದು ದಿನ ರಾಯಾಪುರ, ಎಲ್ಲಿ ಯಾರಿಗೆ ಹೆರಿಗೆಯ ದಿನ ಸಮೀಪಿಸಿದೆಯೋ ಅಲ್ಲಿಗೆ. ಬೆಳಗಿನ ಏಳಕ್ಕೆ ಇಮಾಮಸಾಬನ ಟಾಂಗಾ ಬಾಗಿಲಿಗೆ ಬಂದರೆ, ಚರ್ಮದ ಕೈಚೀಲ ಹಿಡಿದು ಬಿಳಿ ಸೀರೆಯಲ್ಲಿ ಹತ್ತಿ ಹೋದವಳು ಮರಳುವುದು ದೀಪ ಹಚ್ಚುವ ಹೊತ್ತಿಗೆ.

ಸೊಸೆ ನೌಕರಿ ಮಾಡುವುದು ಗರಗದಲ್ಲಿದ್ದ ನಮ್ಮ ಅವ್ವನಿಗೆ ಸುತರಾಂ ಮನಸ್ಸಿರಲಿಲ್ಲ. ನಾನು ಹಟ ಹಿಡಿದೆ. ಕೊನೆಗೆ ಅವ್ವ ಒಂದು ಷರತ್ತು ಹಾಕಿದಳು. ಮದುವೆಯ ಹಂದರದಲ್ಲಿ, ಹತ್ತು ಜನರ ಮುಂದೆ, ನೀಲಾಳ ಗಲ್ಲ ಹಿಡಿದು ಹೇಳಿದಳು.

"ನೌಕರಿ ಮಾಡ್ವಾ, ಬ್ಯಾಡ ಅನ್ನೂದಿಲ್ಲ. ಆದ್ರ ಮನ್ಯಾಗ ಬಿಸಿ ರೊಟ್ಟಿ ತಪ್ಪಬಾರದು. ಬಿಸಿ ರೊಟ್ಟಿ ತಪ್ಪಿದ ದಿನಾ ನೌಕರಿ ಬಿಟ್ಟುಬಿಡಬೇಕು. ಒಪ್ಪಿಗಿ ಏನು?"

ನೀಲಾ ಒಪ್ಪಿದಳು. ಗರಗದವರ ಮಾತು, ಮೇಲಾಗಿ ಹಂದರದಲ್ಲಿ ಆಡಿದ್ದು. ಅದನ್ನು ಮುರಿದು ಬದುಕುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಮೊದಲ ಮೂರು ತಿಂಗಳು ಅವಳೇ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದಳು. ನನಗೆ ಬಿಸಿಯಾದದ್ದು, ತನಗೆ ಆರಿದ್ದು. ಒಂದು ಬೆಳಗ್ಗೆ ನಾನು ಸ್ನಾನ ಮುಗಿಸಿ ಅಡಿಗೆಮನೆಗೆ ಬಂದಾಗ, ಪರಾತದ ಹಿಟ್ಟಿನಲ್ಲಿ ಎರಡೂ ಕೈ ಇಟ್ಟುಕೊಂಡು, ಕುಳಿತಲ್ಲಿಯೇ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಹೆಂಚು ಕಾಯ್ದು ಹೊಗೆಯಾಡುತ್ತಿತ್ತು. ನಾನು ಅವಳ ಕೈಗಳನ್ನು ಹಿಟ್ಟಿನಿಂದ ಬಿಡಿಸಿದೆ. ಅವಳು ಕಣ್ಣು ತೆರೆದವಳೇ ಗಾಬರಿಯಾಗಿ, "ರೊಟ್ಟಿ ತಪ್ಪಿತೇನ್ರಿ?" ಎಂದಳು. ಅವಳಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂಬುದು ಆ ಪ್ರಶ್ನೆಯಲ್ಲಿ ನನಗೆ ತಿಳಿಯಿತು.

"ಮಲಕೋ ಹೋಗು" ಎಂದೆ. "ಅವ್ವ ಬಿಸಿ ರೊಟ್ಟಿ ತಪ್ಪಬಾರದು ಅಂದಾಳ. ಯಾರು ಬಡೀಬೇಕು ಅಂತ ಹೇಳಿಲ್ಲ."

ವಕೀಲನಂತೆ ಮಾತಾಡಿದೆನೇ ಹೊರತು ರೊಟ್ಟಿ ವಕೀಲಿಗೆ ಬಗ್ಗಲಿಲ್ಲ. ಅಂದು ನಾನು ಬಡಿದದ್ದು ಮುಂಬಯಿ ಇಲಾಖೆಯ ನಕಾಶೆಯಂತೆ ಕಾಣುತ್ತಿತ್ತು, ಕರಾವಳಿಯ ಕಡೆಗೆ ಪೂರಾ ಹರಿದಿತ್ತು. ನೀಲಾ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ರತ್ನಾಗಿರಿ ಎಲ್ಲೆ ಬರತೈತ್ರಿ ಇದರಾಗ?" ಎಂದು ಕೇಳಿದಳು. ಕೇಳಿ, ಅದನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು.

ಆದರೆ ರೊಟ್ಟಿ ಬಡಿಯುವುದರಲ್ಲಿ ನಾನು ಪೂರಾ ಅನಕ್ಷರಸ್ಥನೇನೂ ಆಗಿರಲಿಲ್ಲ. ಗರಗದಲ್ಲಿ ಚಿಕ್ಕವನಿದ್ದಾಗ ಒಲೆಯ ಪಕ್ಕದ ಮಣೆಯೇ ನನ್ನ ಸಿಂಹಾಸನ. ಹಿಟ್ಟಿನ ಕೊನೆಯ ಉಂಡೆಯಿಂದ ಅವ್ವ ಅಂಗೈಯಷ್ಟಗಲದ ಒಂದು ಪುಟ್ಟ ರೊಟ್ಟಿ ಮಾಡುತ್ತಿದ್ದಳು. ಅದಕ್ಕೆ ಬೆಣ್ಣೆ, ಬೆಣ್ಣೆಯ ಮೇಲೆ ಶೇಂಗಾ ಹಿಂಡಿ. ಆ ರೊಟ್ಟಿ ಬರುವವರೆಗೆ ಅಲುಗದೆ ಕುಳಿತಿರಬೇಕು. ಕುಳಿತು ಕುಳಿತು ಅವ್ವನ ಕೈಯ ಸಪ್ಪಳ ನನಗೆ ಬಾಯಿಪಾಠವಾಗಿಹೋಗಿತ್ತು. ಎರಡು ಮೆಲ್ಲಗೆ, ಒಂದು ಜೋರು, ನಂತರ ರೊಟ್ಟಿ ತಿರುಗಿಸಲು ಒಂದು ಉಸಿರಿನಷ್ಟು ತಡೆ. ಪಟಪಟ ಪಟ್. ಪಟಪಟ ಪಟ್. ಅಪ್ಪನ ಮೇಲೆ ಸಿಟ್ಟಿದ್ದ ದಿನ ಮೂರನೆಯ ಪೆಟ್ಟು ಎಷ್ಟು ಜೋರಾಗುತ್ತಿತ್ತೆಂದರೆ, ಅಪ್ಪ ಪಡಸಾಲೆಯಿಂದಲೇ ಕೇಳಿ ರುಮಾಲು ಸುತ್ತಿಕೊಂಡು ಹೊಲಕ್ಕೆ ಹೊರಟುಬಿಡುತ್ತಿದ್ದ.

ಕೈಗೆ ಬಾರದ ವಿದ್ಯೆ ನನಗೆ ಕಿವಿಯಿಂದ ಬಂತು. ಆ ಸಪ್ಪಳವನ್ನು ಮನಸ್ಸಿನಲ್ಲಿಟ್ಟುಕೊಂಡು ಕೈ ಆಡಿಸಿದೆ. ಹದಿನೈದು ದಿನಗಳಲ್ಲಿ ರೊಟ್ಟಿ ಗುಂಡಗಾಗತೊಡಗಿತು. ಒಂದು ತಿಂಗಳಿಗೆ ಹೆಂಚಿನ ಮೇಲೆ ಉಬ್ಬಿತು. ಮೊದಲ ರೊಟ್ಟಿ ಉಬ್ಬಿದ ದಿನ ನಾನು ಶಾಲೆಯಲ್ಲಿ ಒಬ್ಬ ಹುಡುಗನಿಗೂ ಬಯ್ಯಲಿಲ್ಲ.

ಇನ್ನು ಅದನ್ನು ಬಿಸಿಯಾಗಿ ಕಳಿಸುವ ಕಷ್ಟ. ಹೆರಿಗೆಯ ಮನೆಯಲ್ಲಿ ನೀಲಾ ಉಣ್ಣುತ್ತಿರಲಿಲ್ಲ. "ಅವರ ಗಡಿಬಿಡಿ ಅವರಿಗಿರತೈತಿ, ಅದರಾಗ ನನ್ನ ಊಟದ ಹೊರಿ ಯಾಕ?" ಎನ್ನುವಳು. ಆದರೆ ಅವಳು ಡಬ್ಬಿ ಬಿಚ್ಚುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ಅಷ್ಟರಲ್ಲಿ ರೊಟ್ಟಿ ಚಪ್ಪಲಿಯ ಅಟ್ಟೆಯಾಗಿರುತ್ತಿತ್ತು. ಬಿಸಿಯಿದ್ದಾಗ ಮುಚ್ಚಿದರೆ ಬೆವರುತ್ತದೆ, ಆರಿಸಿ ಮುಚ್ಚಿದರೆ ಸೆಟೆಯುತ್ತದೆ. ನನ್ನ ಮೂರು ಖಾನೆಯ ಹಿತ್ತಾಳೆ ಡಬ್ಬಿಯ ಮೇಲೆ ನಾನು ಮಾಡದ ಪ್ರಯೋಗವಿಲ್ಲ. ಹೊಟ್ಟಿನಲ್ಲಿ ಹುಗಿದು ಕಳಿಸಿದೆ, ಪಲ್ಯದ ತುಂಬ ಹೊಟ್ಟು. ಕಂಬಳಿಯಲ್ಲಿ ಸುತ್ತಿದೆ, ಬದನೆಕಾಯಿಗೆ ಕುರಿಯ ವಾಸನೆ. ಒಮ್ಮೆ ಅರಿವೆ ಸಿಗದೆ ಹುಡುಗರ ಉತ್ತರಪತ್ರಿಕೆಯಲ್ಲಿ ರೊಟ್ಟಿ ಸುತ್ತಿ ಕಳಿಸಿದೆ. ಸಂಜೆ ನೀಲಾ ಬಂದು ಗಂಭೀರವಾಗಿ ಹೇಳಿದಳು.

"ಶಾಯಿ ಎಲ್ಲಾ ರೊಟ್ಟಿಗೆ ಹತ್ತಿತ್ರಿ. ಉಲ್ಟಾ ಓದಿದ್ನಿ. ನಿಮ್ಮ ಯಾವನೋ ಹುಡುಗ ಏಳೆಂಟ್ಲೆ ಐವತ್ನಾಲ್ಕು ಅಂತ ಬರದಾನ."

"ತಿಂದ್ಯೇನು ಅದನ್ನ?"

"ತಪ್ಪು ಲೆಕ್ಕ ಹರದು ಒಗದು, ಸರಿ ಇದ್ದದ್ದಷ್ಟ ತಿಂದ್ನಿ."

ಆಗ ನನಗೆ ಕೌದಿ ಹೊಳೆಯಿತು. ಥಂಡಿಯಲ್ಲಿ ಮನುಷ್ಯರನ್ನು ಬೆಚ್ಚಗಿಡುವುದು ಡಬ್ಬಿಯನ್ನು ಇಡಲಾರದೇ? ಚಿಕ್ಕದೊಂದು ಕೌದಿ ಬೇಕು, ಡಬ್ಬಿಗೆ ಎರಡು ಸುತ್ತು ಬರುವಷ್ಟು. ಹೊಲಿಯುವವರು ಯಾರು? ಎದುರು ಮನೆಯ ಗೌರಕ್ಕ.

ಗೌರಕ್ಕನ ಬಗ್ಗೆ ಹೇಳುವ ಮೊದಲು ಚಿಗವ್ವನ ಬಗ್ಗೆ ಹೇಳಬೇಕು. ಚಿಗವ್ವ ಎಂದರೆ ನೀಲಾಳ ತಾಯಿಯ ತಂಗಿ. ಹಾಗೆ ಯಾರೂ ಇರಲಿಲ್ಲ, ಆದರೂ ಆಕೆ ನಮ್ಮ ಮನೆಯಲ್ಲಿ ಐದು ತಿಂಗಳು ಇದ್ದಳು.

ನಾನು ರೊಟ್ಟಿ ಬಡಿಯುವ ವಿಷಯ ಓಣಿಗೆ ಗೊತ್ತಾಗುವಂತಿರಲಿಲ್ಲ. ಓಣಿಗೆ ಗೊತ್ತಾದರೆ ಗರಗಕ್ಕೆ ಗೊತ್ತಾಗಲು ಎರಡು ದಿನ ಸಾಕು. ಗೌರಕ್ಕನ ಗಂಡ ಜೋಳದ ವ್ಯಾಪಾರಿ, ವಾರಕ್ಕೊಮ್ಮೆ ಗರಗಕ್ಕೆ ಖರೀದಿಗೆ ಹೋಗುವವನು. ಆದ್ದರಿಂದ ಹಿತ್ತಲ ಕಿಟಕಿ ಮುಚ್ಚಿ ಬಡಿಯುತ್ತಿದ್ದೆ. ಆದರೆ ಸಪ್ಪಳವನ್ನು ಮುಚ್ಚಲಾದೀತೇ? ನಮ್ಮ ಓಣಿಯಲ್ಲಿ ಬೆಳಗಾದರೆ ಪ್ರತಿ ಮನೆಯಿಂದ ರೊಟ್ಟಿಯ ಸಪ್ಪಳ. ಯಾವ ಮನೆಯಲ್ಲಿ ಎದ್ದಿದ್ದಾರೆ, ಯಾವ ಮನೆಯಲ್ಲಿ ಜಗಳಾಗಿದೆ, ಯಾರ ಮನೆಗೆ ಬೀಗರು ಬಂದಿದ್ದಾರೆ ಎಲ್ಲವೂ ಅದರಿಂದಲೇ ತಿಳಿಯುತ್ತಿತ್ತು. ಹೆಂಗಸರು ಬಡಿದರೆ ಬಳೆಯ ಸಪ್ಪಳವೂ ಕೂಡಿ ಬರುತ್ತದೆ. ನನ್ನ ಕೈಯಲ್ಲಿ ಬಳೆಯೆಲ್ಲಿಂದ ಬರಬೇಕು? ಅದಕ್ಕೆ ನೀಲಾ ಉಪಾಯ ಮಾಡಿದಳು. ನಾನು ಬಡಿಯುವಾಗ ಪಕ್ಕದಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತ, ನನ್ನ ಪೆಟ್ಟಿಗೆ ಸರಿಯಾಗಿ ಕೈಬಳೆ ಆಡಿಸುವಳು. ಪಟಪಟ ಪಟ್, ಝಿಣ್. ಪಟಪಟ ಪಟ್, ಝಿಣ್. ಗಂಡ-ಹೆಂಡಿರು ಕೂಡಿ ಮಾಡಬಹುದಾದ ಸಂಗೀತ ಇದಕ್ಕಿಂತ ಹೆಚ್ಚಿನದು ನನಗೆ ತಿಳಿಯದು. ಆ ಅರ್ಧ ತಾಸು ನನ್ನ ದಿನದಲ್ಲೆಲ್ಲ ಅತ್ಯಂತ ಸುಖದ ಹೊತ್ತು. ಒಮ್ಮೊಮ್ಮೆ ಅವಳಿಗೆ ನಗು ಬಂದು ತಾಳ ತಪ್ಪುತ್ತಿತ್ತು, ರೊಟ್ಟಿಯ ಅಂಚು ಸೀಳುತ್ತಿತ್ತು.

ಒಂದು ದಿನ ಅವಳು ಮರೆತು, ಬಾಗಿಲ ಮುಂದೆ ರಂಗೋಲಿ ಹಾಕಲು ಹೋಗಿಬಿಟ್ಟಳು. ನಾನು ಒಳಗೆ ಎಂದಿನಂತೆ ಬಡಿಯುತ್ತಿದ್ದೆ. ಗೌರಕ್ಕ ಕೊಡ ಹಿಡಿದು ಬಂದವಳು ನಿಂತಳು.

"ನರ್ಸಬಾಯಾರ, ನೀವು ನೋಡಿದ್ರ ಇಲ್ಲೆ ಅದೀರಿ. ಒಳಗ ರೊಟ್ಟಿ ಬಡಿಯಾವರು ಯಾರ್ರಿ?"

ನನ್ನ ಕೈ ನಿಂತುಹೋಯಿತು. ಆಗ ಹೊರಗಿನಿಂದ ನೀಲಾಳ ಶಾಂತ ದನಿ ಕೇಳಿಸಿತು.

"ನಮ್ಮ ಚಿಗವ್ವ ಬಂದಾಳ್ರಿ ಊರಿಂದ."

ಹೀಗೆ ಹುಟ್ಟಿದಳು ಚಿಗವ್ವ. ಆಕೆಗೆ ಮೊಣಕಾಲು ನೋವು, ಹೊರಗೆ ಬರಲಾರಳು. ನಾಚಿಕೆಯ ಸ್ವಭಾವ, ಯಾರ ಜೊತೆಗೂ ಮಾತಿಲ್ಲ. ಗೌರಕ್ಕ ಪುಣ್ಯಾತಗಿತ್ತಿ, ಮೊಣಕಾಲಿಗೆ ಹಚ್ಚಲು ಒಂದು ಬಟ್ಟಲು ಎಣ್ಣೆ ಕಾಯಿಸಿ ಕಳಿಸಿದಳು. ಇಡೀ ದಿನ ನಿಂತು ಪಾಠ ಹೇಳಿದ ನನ್ನ ಮೊಣಕಾಲಿಗೆ ಅದು ಬಹಳ ಹಿತವಾಯಿತು.

ಇಂಥ ಗೌರಕ್ಕನ ಹತ್ತಿರ ನಾನು ಕೌದಿ ಹೊಲಿಸಲು ಹೋದೆ. ನೀಲಾಳ ಹಳೆಯ ಇಳಕಲ್ ಸೀರೆಯ ಒಂದು ತುಂಡು, ನನ್ನ ಹರಿದ ಧೋತರ, ಅವ್ವ ನೂತ ನೂಲಿನ ಖಾದಿಯ ಒಂದಷ್ಟು, ಎಲ್ಲ ಕೈಚೀಲದಲ್ಲಿ ತುಂಬಿಕೊಂಡಿದ್ದೆ.

"ಎಷ್ಟು ದೊಡ್ಡದು ಬೇಕ್ರಿ ಮಾಸ್ತರ್ರ?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. "ಇಷ್ಟ ಸಾಕ್ರಿ. ಸಣ್ಣದು."

ಗೌರಕ್ಕ ನನ್ನ ಕೈಗಳ ನಡುವಿನ ಜಾಗವನ್ನು ನೋಡಿದಳು. "ಮೆತ್ತಗ ಇರಬೇಕೇನ್ರಿ?"

"ಹೌದ್ರಿ. ಬೆಚ್ಚಗ ಇರಬೇಕು, ಮುಖ್ಯ ಅದು."

"ಯಾವಾಗ ಬೇಕ್ರಿ?"

"ಲಗೂನ ಆದ್ರ ಛಲೋರಿ. ಆದ್ರ ಯಾರಿಗೂ ಹೇಳಬ್ಯಾಡ್ರಿ ಈಗ."

ಎಂದು ಹೇಳಿ ನಾನು ಕಿವಿಯವರೆಗೆ ಕೆಂಪಾದೆ. ಬಿಸಿ ಡಬ್ಬಿಯ ಗುಟ್ಟು ಹೊರಬೀಳಬಾರದಲ್ಲ ಎಂದು ಕೆಂಪಾದದ್ದು. ಗೌರಕ್ಕ ಸೆರಗು ಬಾಯಿಗೆ ಹಿಡಿದು, "ಎಲ್ಲಾ ತಿಳೀತು ಬಿಡ್ರಿ" ಎಂದಳು. ನನಗೆ ಏನೂ ತಿಳಿಯಲಿಲ್ಲ. ಮೂವತ್ತು ಹುಡುಗರಿಗೆ ಬುದ್ಧಿ ಹೇಳುವ ಮಾಸ್ತರನ ತಲೆಗೆ, ಎರಡು ಮೊಳದ ಕೌದಿ, ಊರಿಂದ ಬಂದ ಚಿಗವ್ವ, ನಾಚುವ ಗಂಡ, ಈ ಮೂರೂ ಕೂಡಿದರೆ ಎದುರು ಮನೆಯ ಹೆಂಗಸಿಗೆ ಏನು ಉತ್ತರ ಬರುತ್ತದೆಂಬುದು ಹೊಳೆಯಲಿಲ್ಲ.

ಎಂಟು ದಿನಗಳಲ್ಲಿ ಕೌದಿ ಆಯಿತು. ಕೊನೆಯ ಹೊಲಿಗೆ ಹಾಕುವ ಮೊದಲು ಗೌರಕ್ಕ, "ಕೌದಿ ಹೊಟ್ಟಿ ಖಾಲಿ ಬಿಡಬಾರದ್ರಿ, ಒಂದ್ ಚೂರು ರೊಟ್ಟಿ ತರ್ರಿ ಮನಿಯಿಂದ" ಎಂದಳು. ನಾನು ಬಡಿದ ರೊಟ್ಟಿಯ ಒಂದು ಚೂರು ತಂದುಕೊಟ್ಟೆ. ಅವಳು ಅರ್ಧ ಕೌದಿಯ ಪದರಿನಲ್ಲಿಟ್ಟು ಹೊಲಿದಳು, ಅರ್ಧ ತನ್ನ ಬಾಯಲ್ಲಿ ಹಾಕಿಕೊಂಡಳು.

"ಚಿಗವ್ವನ ಕೈ ಛಲೋ ಐತ್ರಿ. ಬಾಣಂತನಕ್ಕೂ ಅವರನ್ನ ಇಟ್ಟುಕೋರಿ" ಎಂದಳು.

ಬಾಣಂತನ ಎಂದರೆ ನೀಲಾಳ ನೌಕರಿಯ ಮಾತೆಂದು ತಿಳಿದು, "ಹೌದ್ರಿ, ಹೌದ್ರಿ" ಎಂದು ಬಂದೆ.

ಕೌದಿ ಗೆದ್ದಿತು. ಅರಿವೆಯಲ್ಲಿ ಮಡಚಿದ ರೊಟ್ಟಿ ಮೇಲಿನ ಖಾನೆಯಲ್ಲಿ, ನಡುವೆ ಹಿಂಡಿ, ಕೆಳಗೆ ಒಲೆಯಿಂದ ಈಗ ತಾನೇ ಇಳಿಸಿದ ಎಣ್ಣೆಗಾಯಿ, ಸುತ್ತಲೂ ಕೌದಿ, ಮೇಲೊಂದು ಗಂಟು. ಆ ಸಂಜೆ ನೀಲಾ ಟಾಂಗಾದಿಂದ ಇಳಿಯುವ ಮೊದಲೇ, "ಮೂರರ ತನಕ ಬೆಚ್ಚಗಿತ್ರಿ!" ಎಂದು ಕೂಗಿದಳು. ಇಮಾಮಸಾಬ ಈ ಗುಟ್ಟು ಬಲ್ಲ ಏಕೈಕ ಮನುಷ್ಯ. ಬಾಯಿ ಮುಚ್ಚಿಕೊಂಡಿರಲು ಅವನಿಗೆ ದಿನಕ್ಕೆ ಎರಡು ರೊಟ್ಟಿ. ಅವನೂ ತಲೆಯಾಡಿಸಿ, "ನನಗೂ ಒಂದು ಕೌದಿ ಹೊಲಸ್ರಿ ಮಾಸ್ತರ್ರ" ಎಂದ.

ಇಷ್ಟರಲ್ಲಿ ಗೌರಕ್ಕನ ಗಂಡ ಜೋಳದ ಖರೀದಿಗೆ ಗರಗಕ್ಕೆ ಹೋದ. ಯಾರಿಗೂ ಹೇಳಬೇಡಿ ಎಂದದ್ದನ್ನು ಗೌರಕ್ಕ ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವನು ನಮ್ಮ ಅವ್ವನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಮುಂದಿನದನ್ನು ನಾನು ಅವ್ವನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಸೊಸೆ ಬಸುರಿ, ತನಗೆ ತಿಳಿಸಿಲ್ಲ, ಮೇಲಾಗಿ ಬೀಗರ ಕಡೆಯ ಯಾವಳೋ ಚಿಗವ್ವನನ್ನು ಕರೆಸಿಕೊಂಡಿದ್ದಾರೆ! ಸಂತೋಷ ಎಷ್ಟೋ ಸಿಟ್ಟೂ ಅಷ್ಟೇ. ಎರಡನ್ನೂ ಕೂಡಿಸಿ ಅವ್ವ ಬಯಕೆಯ ಬುತ್ತಿ ಕಟ್ಟಿದಳು. ಬಸುರಿಗೆಂದು ತವರಿನವರು, ಬೀಗರು ಕಟ್ಟಿಕೊಂಡು ಬರುವ ಬುತ್ತಿ ಅದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೊಸರು ಬುತ್ತಿ, ಕರಚಿಕಾಯಿ. ಕೋಳಿ ಕೂಗುವ ಮೊದಲೇ ಚಕ್ಕಡಿ ಹೂಡಿಸಿ ಗರಗ ಬಿಟ್ಟವಳು ನಮ್ಮ ಓಣಿಯ ತಿರುವಿಗೆ ಬಂದಾಗ ಬೆಳ್ಳಗೆ ಬಿಸಿಲು ಬಿದ್ದಿತ್ತು.

ಅಲ್ಲಿ ಅವ್ವನಿಗೆ ಆ ಸಪ್ಪಳ ಕೇಳಿಸಿತು. ಪಟಪಟ ಪಟ್. ಪಟಪಟ ಪಟ್.

ಅವ್ವ ಚಕ್ಕಡಿ ನಿಲ್ಲಿಸಿ ಇಳಿದಳು. ನಡೆಯುತ್ತ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಇಮಾಮಸಾಬ ಟಾಂಗಾ ನಿಲ್ಲಿಸಿಕೊಂಡು ಡಬ್ಬಿಯ ದಾರಿ ಕಾಯುತ್ತಿದ್ದ. ಅವ್ವನನ್ನು ಕಂಡವನಿಗೆ ಬೆವರು ಬಂತು.

"ಚಿಗವ್ವಾರು ಬಂದಾರ್ರಿ ಅವ್ವಾರ, ರೊಟ್ಟಿ..." ಎಂದು ತೊದಲಿದ.

"ಸುಮ್ಮನಿರಪಾ, ಕೇಳಾಕತ್ತೇನಿ" ಎಂದಳು ಅವ್ವ. "ಅದು ಯಾವ ಚಿಗವ್ವನ ಕೈಯೂ ಅಲ್ಲ. ಅದು ನನ್ನ ಕೈ. ನಮ್ಮ ಸೊಸಿ ನನ್ನ ಕೈ ಕಲ್ತಾಳ!"

ಜೊತೆಗೆ ಬಳೆಯ ಝಿಣ್ ಬೇರೆ. ಸಂಶಯಕ್ಕೆ ಜಾಗವೇ ಇರಲಿಲ್ಲ. ಅವ್ವನ ಸಿಟ್ಟೆಲ್ಲ ಕಟ್ಟೆಯ ಮೇಲೆಯೇ ಇಳಿದುಹೋಯಿತು. ಮೂರು ರೊಟ್ಟಿ ಮುಗಿಯುವವರೆಗೆ ಕುಳಿತು ಕೇಳಿ, ಬುತ್ತಿ ಎತ್ತಿಕೊಂಡು, ಕಣ್ಣು ತುಂಬಿಕೊಂಡು, ಸೀದಾ ಅಡಿಗೆಮನೆಗೆ ಬಂದಳು.

ಬಂದು ನೋಡಿದ್ದೇನು? ಧೋತರ ಮೊಣಕಾಲಿಗೆ ಏರಿಸಿ ಕಟ್ಟಿದ ಮಗ, ಮೊಣಕೈವರೆಗೆ ಹಿಟ್ಟು. ಪಕ್ಕದಲ್ಲಿ ತಲೆ ಬಾಚುತ್ತ, ಗಾಳಿಯಲ್ಲಿ ಬಳೆ ಆಡಿಸುತ್ತ, ನಗುತ್ತ ಕುಳಿತ ಸೊಸೆ.

ಹೆಂಚಿನ ಮೇಲಿನ ರೊಟ್ಟಿ ನಾಚಿಕೆಯಿಲ್ಲದೆ ಉಬ್ಬಿತು.

ಅವ್ವ ಸುತ್ತ ನೋಡಿದಳು. ಚಿಗವ್ವ ಇರಲಿಲ್ಲ. ಮೂಲೆಯಲ್ಲಿ ಡಬ್ಬಿ, ಅದರ ಕೆಳಗೆ ಹಾಸಿದ ಕೌದಿ. "ಕೌದಿ ಹೊಲಿಸಿದ್ದು..." ಎಂದಳು.

"ಡಬ್ಬಿಗೆ, ಅವ್ವಾ" ಎಂದೆ. "ನೀಲಾಗ ಬಿಸಿ ಬುತ್ತಿ ಕಟ್ಟಾಕ."

"ಮತ್ತ ಕೂಸು?"

"ಯಾವ ಕೂಸು?"

ಅವ್ವ ಬುತ್ತಿಯ ಗಂಟನ್ನು ನೆಲದ ಮೇಲೆ ಇಟ್ಟಳು. ಅದರ ವಾಸನೆಯಿಂದಲೇ ಅದು ಎಂಥ ಬುತ್ತಿ ಎಂದು ನೀಲಾಳಿಗೆ ಗೊತ್ತಾಯಿತು. ಅವಳ ಮುಖದ ನಗು ಇಳಿಯಿತು. ಎದ್ದು ಬಾಚಣಿಗೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು.

"ಅತ್ತೀ, ಹಂದರದಾಗ ಮಾತು ಕೊಟ್ಟೇನಿ. ನೌಕರಿ ಬಿಡು ಅಂದ್ರ ಬಿಡ್ತೀನ್ರಿ. ಆದ್ರ ರಾಯಾಪುರದಾಗ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ, ಚೊಚ್ಚಲು. ಇದೊಂದು ಹೋಗಿ ಬರ್ತೀನ್ರಿ. ಬಂದು ಬಿಡ್ತೀನಿ."

ಬಿಸಿ ರೊಟ್ಟಿ ಒಂದು ದಿನವೂ ತಪ್ಪಿಲ್ಲ ಎಂದು ವಾದಿಸಲು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಪರಾತದ ಪಕ್ಕದಲ್ಲಿದ್ದ ಒಂದು ರೊಟ್ಟಿ ಎತ್ತಿ, ಮುರಿದು, ಬಾಯಲ್ಲಿ ಹಾಕಿಕೊಂಡು ನಿಧಾನವಾಗಿ ಅಗಿದಳು. ನಂತರ ನೆಲದ ಮೇಲಿನ ಬುತ್ತಿ ಎತ್ತಿಕೊಂಡಳು.

"ಬಸುರಿಗೆ ಅಂತ ಕಟ್ಟಿದ ಬುತ್ತಿ ತಿರುಗಿ ಒಯ್ಯಬಾರದು" ಎಂದಳು. "ರಾಯಾಪುರದಾಕಿನೂ ಬಸುರಿನ ಅಲ್ಲೇನು? ನಡಿ, ನಾನೂ ಬರ್ತೀನಿ."

ಕೌದಿಯಲ್ಲಿ ಡಬ್ಬಿ ಸುತ್ತಿ ಗಂಟು ಹಾಕಿದವಳು ಅವ್ವನೇ. ನಾನು ಹಾಕುತ್ತಿದ್ದ ಗಂಟು ಸಡಿಲೆಂದು ಬಿಚ್ಚಿ ಮತ್ತೆ ಹಾಕಿದಳು. ಟಾಂಗಾ ಹೋಯಿತು. ಅಂದು ನಾನು ಶಾಲೆಯಲ್ಲಿ ಏನು ಕಲಿಸಿದೆನೋ ದೇವರೇ ಬಲ್ಲ. ಏಳೆಂಟ್ಲೆ ಐವತ್ನಾಲ್ಕು ಎಂದು ನಾನೇ ಬರೆದಿರಬಹುದು. ನೀಲಾಳ ಚರ್ಮದ ಕೈಚೀಲ ಇನ್ನು ಮುಂದೆ ಗೂಟಕ್ಕೆ ತೂಗಾಡುತ್ತದೆಯೇ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ನೀಲಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಳು. ಡಬ್ಬಿ ಬರಿಮೈಯಲ್ಲಿ ಬಂದಿತ್ತು, ಕೌದಿ ಇರಲಿಲ್ಲ. ನಾನು ಕೇಳಲು ಹೆದರಿ ನಿಂತಿದ್ದೆ. ಅವ್ವನೇ ತೊಡಗಿದಳು.

"ನಾನೂ ಐದು ಹಡದೇನಿ. ಆದ್ರ ಇಂಥಾದು ನೋಡಿರಲಿಲ್ಲೋ. ಕೂಸು ಅಡ್ಡಾಗಿತ್ತಂತ. ಆ ಮನಿ ಹೆಂಗಸ್ರು ಎಲ್ಲಾ ಅಳಾಕ ಹತ್ತಿದ್ರು. ಇಕಿ ಒಬ್ಬಾಕಿನ ಕೈ ಬಿಡಲಿಲ್ಲ. ಹೊತ್ತು ತಿರುಗಿದ ಮ್ಯಾಲ ಅತ್ತಿತು ಕೂಸು, ಗಂಡು. ಆಮ್ಯಾಲ ಹೊರಗ ಬಂದು, ಕೈ ತೊಳಕೊಂಡು, ಕಟ್ಟಿ ಮ್ಯಾಲ ಕುಂತು ಡಬ್ಬಿ ಬಿಚ್ಚಿದ್ಲು. ನಾನ ಮುರದು ಉಣಿಸಿದ್ನಿ."

"ರೊಟ್ಟಿ?"

"ಇನ್ನೂ ಬೆಚ್ಚಗಿತ್ತೋ ತಮ್ಮಾ!" ಎಂದಳು ಅವ್ವ, ನಾನು ಯಾವುದೋ ಪರೀಕ್ಷೆಯಲ್ಲಿ ಪಾಸಾದಂತೆ. "ಕೌದಿನೂ ಕಾವು ಹಿಡದಿತ್ತು. ಆ ಮನ್ಯಾಗ ಕೂಸಿಗೆ ಹೊಚ್ಚಾಕ ಒಂದು ಛಲೋ ಅರಿವಿ ಇರಲಿಲ್ಲ. ಕಾವು ಆರೂದರಾಗ ಒಯ್ದು ನಾನ ಹೊಚ್ಚಿ ಬಂದೆ. ಕೌದಿ ಹೊಲಿಸಿದ್ದು ಕೂಸಿಗೇ ಅಂದಿದ್ರಲ್ಲ, ಆತಲ್ಲ ಹಂಗಾದ್ರ."

ನಾನು ಧೈರ್ಯ ಮಾಡಿ ಕೇಳಿದೆ. "ಅವ್ವಾ, ಮತ್ತ ಆ ಷರತ್ತು?"

"ಏನು ಷರತ್ತು? ಬಿಸಿ ರೊಟ್ಟಿ ತಪ್ಪಬಾರದು ಅಂದಿದ್ನಿ. ತಪ್ಪಿಲ್ಲಲ್ಲ? ಆಕಿಗೂ ತಪ್ಪಿಲ್ಲ" ಎಂದು ಕಾಲು ನೀವಿಕೊಳ್ಳುತ್ತ, "ಆದ್ರ ನಿನ್ನ ರೊಟ್ಟಿ ಅಂಚು ಸೀಳತಾವು. ಎಸರು ಇನ್ನಷ್ಟು ಕುದೀಬೇಕು" ಎಂದಳು.

ಹಿತ್ತಲ ಬಾಗಿಲಲ್ಲಿ ನೀಲಾ ಮುಖದ ತುಂಬ ನೀರು ಹನಿಸಿಕೊಂಡು ನಿಂತಿದ್ದಳು. ಅದರಲ್ಲಿ ಕೊಡದ ನೀರೆಷ್ಟು, ಕಣ್ಣಿನದೆಷ್ಟು ಎಂದು ನಾನು ಕೇಳಲಿಲ್ಲ.

ಆಮೇಲೆ ಅವ್ವ ಬದುಕಿದ್ದಷ್ಟು ಕಾಲವೂ ನಮಗೆ ಡಬ್ಬಿಯ ಕೌದಿ ಹೊಲಿದು ಕಳಿಸುತ್ತಿದ್ದಳು. ನೀಲಾ ಆಗಾಗ ಒಂದನ್ನು ಎಲ್ಲಿಯೋ ಹೊಚ್ಚಿ ಬರಿ ಡಬ್ಬಿಯೊಂದಿಗೆ ಬರುವಳು, ಗರಗದಿಂದ ಇನ್ನೊಂದು ಬರುವುದು. ಸುತ್ತಲಿನ ಹಳ್ಳಿಗಳಲ್ಲಿ ಎಣ್ಣೆಗಾಯಿಯ ವಾಸನೆಯ ಕೌದಿಯಲ್ಲಿ ಮಲಗಿ ಬೆಳೆದವರು ಇಂದು ಮೀಸೆ ತಿರುವಿಕೊಂಡು ಓಡಾಡುತ್ತಿರಬೇಕು. ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿಯೂ ಒಬ್ಬ ಮಗಳು ಹುಟ್ಟಿದಳು. ಆಗ ಗೌರಕ್ಕ ಸೊಂಟದ ಮೇಲೆ ಕೈ ಇಟ್ಟು, "ನಾ ಅವತ್ತ ಹೇಳಿರಲಿಲ್ಲೇನು? ಒಂದೆರಡು ವರ್ಷ ಹಿಂದ ಮುಂದ ಆತು, ಅಷ್ಟ!" ಎಂದಳು. ಮೊನ್ನೆ ಹಗ್ಗದ ಮೇಲೆ ತೂಗಾಡಿದ್ದು ಅವ್ವ ಹೊಲಿದ ಕೊನೆಯ ಕೌದಿ. ಅದನ್ನು ಮಾತ್ರ ನೀಲಾ ಯಾರಿಗೂ ಹೊಚ್ಚಲಿಲ್ಲ.

ಆದರೆ ನನಗೆ ನೆನಪಾಗುವುದು ಮೊದಲನೆಯ ಕೌದಿ ಹೋದ ಮರುದಿನದ ಬೆಳಗು. ನಾನು ಎಸರನ್ನು ಚೆನ್ನಾಗಿ ಕುದಿಸಿ, ಹಿಟ್ಟು ನಾದಿ, ಬಡಿಯಲು ಕುಳಿತೆ. ನೀಲಾ ಬಳೆ ಆಡಿಸಲು ಪಕ್ಕಕ್ಕೆ ಬಂದಳು. ಅವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ, ಹೊರಗೆ ಕರೆದುಕೊಂಡು ಹೋಗಿ, ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಹಿತ್ತಲ ಕಿಟಕಿಯನ್ನೂ ತೆರೆಸಿದಳು. ನಾನು ಬಡಿಯತೊಡಗಿದೆ. ಗೌರಕ್ಕ ಕೊಡ ಹಿಡಿದು ಬಂದವಳು ನಿಂತಳು. ಅತ್ತೆ ಹೊರಗೆ, ಸೊಸೆ ಹೊರಗೆ.

"ಒಳಗ ಚಿಗವ್ವ ಏನ್ರಿ?" ಎಂದಳು.

"ಚಿಗವ್ವ ಊರಿಗೆ ಹೋದ್ಲು" ಎಂದಳು ಅವ್ವ. ಓಣಿಯ ಕೊನೆಯ ಮನೆಗೂ ಕೇಳುವಂತೆ ದನಿ ಎತ್ತಿದಳು. "ಬಡಿಯಾವ ನನ್ನ ಮಗ. ಕೈ ನಂದು."

ನಾನು ಕೈ ನಿಲ್ಲಿಸಿ ಹಾಗೆಯೇ ಕುಳಿತುಬಿಟ್ಟೆ. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿತು. ಅದನ್ನು ನಾನೇ ತಿಂದೆ, ಬೆಣ್ಣೆ ಹಚ್ಚಿಕೊಂಡು.